ನೇಪಾಳಕ್ಕೆ ಹೊರಡುವ ಮುನ್ನ ಜೋಮ್‌ಸೋಮ್ ಲೆಕ್ಕ ಹಾಕಿ

ನಮ್ಮ ಚಿಗಟೇರಿ ಕಡೆ ಹಿರಿಯರ ವಿದೇಶ ಪ್ರವಾಸ ಅಂದರೆ ಬಹುಪಾಲು ನೇಪಾಳವೇ. ಕಾಶಿಗೆ ಹೊರಟವರು ಪಶುಪತಿನಾಥ, ಮುಕ್ತಿನಾಥ ನೋಡಿಕೊಂಡೇ ಬರೋಣ ಅನ್ನುತ್ತಾರೆ. ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲದಿದ್ದರೆ ಮತದಾರರ ಗುರುತಿನ ಚೀಟಿಯ ಮೂಲ ಪ್ರತಿ ಸಾಕು. (ಟಿಕೆಟ್ಟಿನ ಹೆಸರು ಚೀಟಿಯಲ್ಲಿರುವಂತೆಯೇ ಇರಲಿ. ನಮ್ಮವರ ಚೀಟಿಗಳಲ್ಲಿ ಒಂದೊಂದರಲ್ಲಿ ಒಂದೊಂದು ಕಾಗುಣಿತ.) ಇಷ್ಟು ಸುಲಭವಾದ್ದರಿಂದಲೇ ಲೆಕ್ಕ ಸಡಿಲ ಬಿಡುತ್ತಾರೆ. ಒಂದೇ ವಾರದಲ್ಲಿ ಕಾಠ್ಮಂಡು, ಪೋಖರಾ, ಮುಕ್ತಿನಾಥ, ಲುಂಬಿನಿ ಎಲ್ಲ ಮುಗಿಸುವ ಪ್ರವಾಸದಲ್ಲಿ ರೂಮಿನ ಬಾಡಿಗೆಯಲ್ಲಿ ಕಳೆಯುವುದು ಕಡಿಮೆ. ದುಡ್ಡು ಸೋರುವುದು ಊರು ಊರುಗಳ ನಡುವೆ.

ಅವ್ವ, ಚಿಕ್ಕಪ್ಪ, ಚಿಕ್ಕಮ್ಮನನ್ನು ಕರೆದುಕೊಂಡು ಹೊರಟಾಗ ನಾನು ಮೊದಲು ಗಟ್ಟಿ ಮಾಡಿಕೊಂಡದ್ದು ಮುಕ್ತಿನಾಥಕ್ಕೆಂದು ಪೋಖರಾದಿಂದ ಜೋಮ್‌ಸೋಮ್‌ಗೆ ಹೋಗುವ ಪುಟ್ಟ ವಿಮಾನದ ತಾರೀಖು. ಬೆಂಗಳೂರಿನ ಟಿಕೆಟ್ಟು, ರೂಮುಗಳು ಎಲ್ಲ ಅದರ ಹಿಂದೆ ಬಂದವು. ಕಾರಣವಿದೆ. ಕಾಲಿಗಂಡಕಿ ಕಣಿವೆಯಲ್ಲಿ ಹೊತ್ತೇರಿದಂತೆ ಗಾಳಿ ಜೋರಾಗುತ್ತದೆ, ಹಾಗಾಗಿ ವಿಮಾನಗಳು ಹಾರುವುದು ಬೆಳಿಗ್ಗೆ ಮಾತ್ರ. ಮೋಡ ಕವಿದರೆ ಅದೂ ಇಲ್ಲ. ಸುಮಾರು 20 ನಿಮಿಷದ ಹಾರಾಟ ತಪ್ಪಿದರೆ ಬೇನಿ ಎಂಬ ಊರಿನ ಮೇಲಿಂದ ಜೀಪಿನಲ್ಲಿ ಇಡೀ ಹಗಲು ಕುಲುಕಾಟ. ಹಾರದ ವಿಮಾನದ ಹಣ ವಾಪಸ್ ಸಿಕ್ಕೀತು, ಮುಂದಿನ ಊರಲ್ಲಿ ಕಟ್ಟಿಟ್ಟ ರೂಮಿನ ಹಣ, ಊರಿಗೆ ಮರಳುವ ರೈಲಿನ ಹಣ ಪೂರ್ತಿ ಸಿಗುವುದಿಲ್ಲ. ಇಡೀ ಪ್ರವಾಸದಲ್ಲಿ ಅತ್ಯಂತ ನೆಚ್ಚಿಕೆಯಿಲ್ಲದ ಕೊಂಡಿ ಇದೇ.

ಅದಕ್ಕೇ ಪೋಖರಾದಲ್ಲಿ ಒಂದು ರಾತ್ರಿ ಹೆಚ್ಚಿಗೆ ಇಟ್ಟುಕೊಂಡೆ. ಕಾಠ್ಮಂಡುವಿನ ಮೊದಲ ರಾತ್ರಿ ಖಚಿತ. ಅಲ್ಲಿ ರದ್ದು ಮಾಡಲಾಗದ ಅಗ್ಗದ ರೂಮು ಹಿಡಿದೆ. ಪೋಖರಾ ಮತ್ತು ಅಲ್ಲಿಂದ ಮುಂದಕ್ಕೆ ಬಾಡಿಗೆ ತುಸು ಹೆಚ್ಚಾದರೂ ಹಣ ಹಿಂದಕ್ಕೆ ಬರುವಂಥ ರೂಮುಗಳನ್ನೇ ಆರಿಸಿದೆ. ನಮ್ಮ ವಿಮಾನ ಮೊದಲ ಬೆಳಿಗ್ಗೆ ಏಳಲಿಲ್ಲ. ಫೇವಾ ಕೆರೆಯ ದಂಡೆಯಲ್ಲಿ ಇನ್ನೊಂದು ದಿನ ಕಳೆದು ಮರುದಿನ ಹೋದೆವು. ಮುಂದಿನ ಯಾವ ರೂಮಿನ ದುಡ್ಡೂ ಹೋಗಲಿಲ್ಲ. ಮುಕ್ತಿನಾಥ 3,700 ಮೀಟರಿಗೂ ಎತ್ತರದಲ್ಲಿದೆ. ವಯಸ್ಸಾದವರಿದ್ದರೆ ದರ್ಶನ ಮುಗಿಸಿ, ಸಾವಿರ ಮೀಟರಿನಷ್ಟು ಕೆಳಗಿರುವ ಜೋಮ್‌ಸೋಮ್‌ಗೆ ಇಳಿದು ಮಲಗುವುದು ಒಳ್ಳೆಯದು.

ನೇಪಾಳದೊಳಗಿನ ವಿಮಾನಗಳಲ್ಲಿ ಭಾರತೀಯರಿಗೆ ಬೇರೆ ದರವಿದೆ, ಡಾಲರ್ ದರಕ್ಕಿಂತ ಕಡಿಮೆ. ಮೊಬೈಲಿನಲ್ಲಿ ಮೊದಲು ಕಂಡ ದರಕ್ಕೆ ಹಣ ಕಟ್ಟದೆ ಭಾರತೀಯರ ದರ ಯಾವುದೆಂದು ವಿಚಾರಿಸಿ.

ರೂಮು ಉಳಿಸಲು ರಾತ್ರಿ ಬಸ್ಸು ಹತ್ತುವುದು ನಮ್ಮ ರೂಢಿ. ನೇಪಾಳದಲ್ಲಿ ಅದು ಬೇಡವೇ ಬೇಡ. 2024ರ ಜುಲೈ 12ರ ನಸುಕಿನಲ್ಲಿ ಸಿಮಲ್‌ತಾಲ್ ಬಳಿ ಭೂಕುಸಿತಕ್ಕೆ ಸಿಕ್ಕಿ ಎರಡು ಬಸ್ಸುಗಳು ತ್ರಿಶೂಲಿ ನದಿಗೆ ಬಿದ್ದವು. ಕಾಠ್ಮಂಡುವಿನಿಂದ ಪೋಖರಾಕ್ಕೆ ಸುಮಾರು 200 ಕಿಲೋಮೀಟರ್, ಆದರೆ ಬೆಟ್ಟದ ದಾರಿ, ಬಸ್ಸಿನಲ್ಲಿ ಹಗಲೆಲ್ಲ ಹಿಡಿಯುತ್ತದೆ. ಆ ಒಂದು ದಿನವನ್ನು ಲೆಕ್ಕಕ್ಕೆ ಹಿಡಿದೇ ಹೊರಡಿ.

ಇನ್ನು ಹೋದ ದಾರಿಯಲ್ಲೇ ಬರುವ ಚಟ. ಕಾಠ್ಮಂಡುವಿಗೆ ಹೋಗಿಬರುವ ವಿಮಾನದ ಟಿಕೆಟ್ಟು ಅಗ್ಗವಾಗಿ ಕಾಣುತ್ತದೆ. ಪೋಖರಾದಿಂದ ಮತ್ತೆ ಕಾಠ್ಮಂಡುವಿಗೆ ಬರುವ ಬಸ್ಸು, ಒಂದು ರಾತ್ರಿಯ ರೂಮು, ಹೋದ ಒಂದು ದಿನ, ಇವನ್ನು ಕೂಡಿಸಿ ನೋಡಿ. ನಾವು ವಿಮಾನದಲ್ಲಿ ಕಾಠ್ಮಂಡುವಿಗೆ ಹೋಗಿ, ಪೋಖರಾದಿಂದ ಲುಂಬಿನಿಗೆ ಇಳಿದು, ಸುನೌಲಿ ಗಡಿಯನ್ನು ನಡೆದೇ ದಾಟಿ, ಗೋರಖಪುರದಿಂದ ಕಾಶಿ ಸೇರಿದೆವು. ಲುಂಬಿನಿಯ ಅಶೋಕ ಸ್ತಂಭದ ಶಾಸನ ಓದಿಸಿಕೊಳ್ಳುವಂಥದ್ದು. ಬುದ್ಧ ಹುಟ್ಟಿದ ಊರೆಂದು ಅರಸ ಅಲ್ಲಿಯ ಬಲಿ ಎಂಬ ಕಂದಾಯ ಬಿಟ್ಟು, ಬೆಳೆಯ ಪಾಲನ್ನು ಎಂಟರಲ್ಲೊಂದಕ್ಕೆ ಇಳಿಸಿದ. ನಮ್ಮ ಪಕ್ಕದ ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲಿ ಬಂಡೆ ಬರೆಸಿದ ಅದೇ ಅಶೋಕ.

ಕಾಠ್ಮಂಡುವಿನಲ್ಲಿ ಎಲ್ಲರೂ ಥಮೇಲ್‌ನಲ್ಲಿ ಇಳಿಯುತ್ತಾರೆ. ದರ್ಶನಕ್ಕೆ ಹೋದವರಿಗೆ ಗೌಶಾಲಾ ವಾಸಿ. ಪಶುಪತಿನಾಥ ನಡೆದುಹೋಗುವಷ್ಟು ಹತ್ತಿರ, ವಿಮಾನ ನಿಲ್ದಾಣವೂ ಪಕ್ಕದಲ್ಲೇ, ಟ್ಯಾಕ್ಸಿ ಖರ್ಚು ಉಳಿಯುತ್ತದೆ. ಪಶುಪತಿನಾಥನ ಪೂಜೆ ಮಾಡುವ ಭಟ್ಟರಲ್ಲಿ ಕರ್ನಾಟಕದಿಂದ ಹೋದವರಿದ್ದಾರೆಂದು ತಿಳಿದು ಅವ್ವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಬಾಡಿಗೆ ಹೇಳಿದಾಗ ಐಸಿಯೋ ಎನ್‌ಸಿಯೋ ಎಂದು ಕೇಳಿ. ಐಸಿ ಅಂದರೆ ನಮ್ಮ ರೂಪಾಯಿ, ಎನ್‌ಸಿ ಅವರದು. 1993ರಿಂದ ನಮ್ಮ 100ಕ್ಕೆ ಅವರ 160, ಈ ಲೆಕ್ಕ ಬದಲಾಗಿಲ್ಲ. 3,200 ಎನ್‌ಸಿ ಅಂದರೆ ನಮ್ಮ 2,000. ಶೇ 13ರ ವ್ಯಾಟ್ ಸೇರಿಲ್ಲದಿದ್ದರೆ ಅದೇ ರೂಮು 2,260 ಆಗುತ್ತದೆ. 2024ರ ಮಾರ್ಚ್‌ನಿಂದ ಅಂಗಡಿಗಳಲ್ಲಿರುವ ‘ಫೋನೆಪೇ’ ಕ್ಯೂಆರ್‌ಗೆ (ನಮ್ಮ ಫೋನ್‌ಪೇ ಅಲ್ಲ, ಅವರದೇ ಬೇರೆ) ನಮ್ಮ ಯುಪಿಐ ನಡೆಯುತ್ತದೆ. ಆದರೂ ಬೆಟ್ಟದ ಮೇಲೆ ನೆಚ್ಚಬೇಡಿ, 100ರ ನೋಟುಗಳ ಕಟ್ಟು ಒಯ್ಯಿರಿ. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರದ ವಿರುದ್ಧ ನಡೆದ ಗಲಾಟೆಯಲ್ಲಿ ಕಾಠ್ಮಂಡು ವಿಮಾನ ನಿಲ್ದಾಣವೇ ಮುಚ್ಚಿತ್ತು. ಅಂಥ ಹೊತ್ತಿಗೆಂದು ಎರಡು ದಿನದ ಊಟ, ರೂಮಿಗಾಗುವಷ್ಟು ನಗದು ಕೈಯಲ್ಲಿರಲೇಬೇಕು.

ನಮ್ಮಲ್ಲಿ ದುಡ್ಡು ಕೈಗೆ ಬರುವುದು ಮೆಕ್ಕೆಜೋಳ ಮಾರಿದ ಮೇಲೆ. ಡಿಸೆಂಬರ್, ಜನವರಿಯಲ್ಲಿ ಗೋರಖಪುರದ ಕಡೆ ಮಂಜು ದಟ್ಟ, ರೈಲುಗಳು ಗಂಟೆಗಟ್ಟಲೆ ತಡ. ಮಕ್ಕಳ ದಸರಾ ರಜೆಗೆ ಹೋಗೋಣವೆಂದರೆ ನೇಪಾಳದಲ್ಲೂ ದಶೈಂ ಹಬ್ಬ. ದಸರಾಕ್ಕೆ ಬೆಂಗಳೂರಿನಿಂದ ಹರಪನಹಳ್ಳಿ ಬಸ್ಸು ಸಿಗದ ಹಾಗೆ ಅಲ್ಲೂ ಸೀಟಿಲ್ಲ. ಹಣವನ್ನು ಬ್ಯಾಂಕಿನಲ್ಲಿಟ್ಟು ಮಾರ್ಚ್ ಕೊನೆಗೆ ಹೋಗಿ ಎಂದೇ ನನ್ನ ಸಲಹೆ.

ಏಜೆಂಟರ ಪ್ಯಾಕೇಜ್ ಬೇಡವೆನ್ನುವುದಿಲ್ಲ. ಆದರೆ ವಿದೇಶಿ ಪ್ಯಾಕೇಜ್ ಮೇಲೆ ಟಿಸಿಎಸ್ ಹಿಡಿಯುತ್ತಾರೆ. ಅದು ಖರ್ಚಲ್ಲ, ನಿಮ್ಮ ಪಾನ್ ಸಂಖ್ಯೆಗೆ ಜಮಾ ಆಗುವ ತೆರಿಗೆ, ರಿಟರ್ನ್ ಸಲ್ಲಿಸಿದರೆ ಹಿಂದಕ್ಕೆ ಪಡೆಯಬಹುದು. ಬೇಸಾಯದ ಆದಾಯವಷ್ಟೇ ಇರುವ ನಮ್ಮ ರೈತರು ರಿಟರ್ನ್ ಸಲ್ಲಿಸುವುದೇ ಇಲ್ಲ, ಆ ಹಣ ಸರ್ಕಾರದಲ್ಲೇ ಉಳಿಯುತ್ತದೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ. ಮುಂಗಡ ಕೊಡುವ ಮುನ್ನ ಟಿಸಿಎಸ್ ಎಷ್ಟು, ಯಾರ ಪಾನ್‌ಗೆ ಎಂದು ಕೇಳಿ. ಜೋಮ್‌ಸೋಮ್ ವಿಮಾನ ಹಾರದಿದ್ದರೆ ಆ ರಾತ್ರಿಯ ರೂಮು, ಜೀಪಿನ ಖರ್ಚು ಯಾರದು ಎಂಬುದನ್ನು ರಸೀದಿಯ ಮೇಲೆಯೇ ಬರೆಸಿಕೊಳ್ಳಿ.