ಮರಣದ ಲೆಕ್ಕ

ಹಾಸನ ಜಿಲ್ಲೆಯ ಅರಸೀಕೆರೆಗೆ ಸಮೀಪದ ಮಾಲೇಕಲ್ಲಿನಂಥ ಊರಿನಲ್ಲಿ ಒಂದು ಸಾವು ಸಂಭವಿಸಿದರೆ, ಆ ವಾರ್ತೆ ಬಹುಬೇಗ ಮನೆಮನೆಯನ್ನೂ ಮುಟ್ಟುತ್ತದೆ. ಸಾವಿಗೆ ಕಾರಣವೇನೆಂದು ಕೇಳಿದರೆ ಮಾತ್ರ ‘ವಯಸ್ಸಾಗಿತ್ತು’, ‘ಎದೆನೋವು ಬಂದಿತಂತೆ’, ‘ಆಯುಸ್ಸು ತೀರಿತ್ತು’ ಎಂಬ ಉತ್ತರಗಳು ದೊರೆಯುತ್ತವೆ. ದುಃಖತಪ್ತ ಕುಟುಂಬಕ್ಕೆ ಅಷ್ಟು ಸಾಕು; ನಾಡಿಗೆ ಸಾಲದು.

ಅರಸೀಕೆರೆ, ಬೇಲೂರು, ಹಳೇಬೀಡುಗಳ ಸೀಮೆಯಲ್ಲಿ ವೀರಗಲ್ಲುಗಳುಂಟು. ತುರುಗಳನ್ನು ಬಿಡಿಸಲು ಹೋರಾಡಿ ಮಡಿದವನ ಹೆಸರೂ ಅವನ ಸಾವಿನ ಬಗೆಯೂ ಇಂಥ ಕಲ್ಲುಗಳಲ್ಲಿ ಉಳಿದು ಬಂದಿವೆ. ಆದರೆ ಹೆರಿಗೆಯಲ್ಲಿ ತೀರಿಕೊಂಡ ತಾಯಿಗೆ, ಜ್ವರದಿಂದ ಅಳಿದ ಹಸುಳೆಗೆ ಕಲ್ಲು ನೆಡಿಸಿದವರು ಯಾರು? ಬಡವ ಬಲ್ಲಿದನೆನ್ನದೆ ಪ್ರತಿಯೊಂದು ಮರಣವೂ ದಾಖಲೆಗೆ ಸೇರಬೇಕೆಂದು ವಿಧಿಸಿದುದು 1969ರ ಜನನ ಮತ್ತು ಮರಣಗಳ ನೋಂದಣಿ ಅಧಿನಿಯಮ. ಅದರಂತೆ ಮರಣದ ಸಂಗತಿಯನ್ನು 21 ದಿನಗಳೊಳಗೆ ನೋಂದಣಾಧಿಕಾರಿಗೆ ತಿಳಿಸಬೇಕು.

ಸತ್ತವರನ್ನು ಎಣಿಸುವುದರಿಂದ ಬದುಕಿರುವವರಿಗೆ ಪ್ರಯೋಜನವೇನು? 1971ರಲ್ಲಿ ಭಾರತದಲ್ಲಿ ಜನಿಸಿದ ಪ್ರತಿ ಸಾವಿರ ಶಿಶುಗಳಲ್ಲಿ ಸುಮಾರು 129 ಶಿಶುಗಳು ವರ್ಷ ತುಂಬುವ ಮೊದಲೇ ಅಸುನೀಗುತ್ತಿದ್ದವು. 2020ರಲ್ಲಿ ಆ ಸಂಖ್ಯೆ 28ಕ್ಕೆ ಇಳಿದಿತ್ತು. ಲಸಿಕೆ, ಶುದ್ಧ ನೀರು, ಆಸ್ಪತ್ರೆಯ ಹೆರಿಗೆ ಇವು ಮಾಡಿದ ಉಪಕಾರವನ್ನು ಅಳೆದು ತೋರಿಸಿದುದು ಈ ಲೆಕ್ಕವೇ. ಸೋಂಕುರೋಗಗಳ ಹಾವಳಿ ತಗ್ಗಿ ಜನರ ಆಯುರ್ಮಾನ ಹೆಚ್ಚಿದಂತೆ ಹೃದಯ ಮತ್ತು ರಕ್ತನಾಳಗಳ ರೋಗಗಳು ಮುಂದೆ ಬಂದವು. 2020ರಲ್ಲಿ ವೈದ್ಯರು ಕಾರಣವನ್ನು ಪ್ರಮಾಣೀಕರಿಸಿದ ಮರಣಗಳಲ್ಲಿ ಶೇಕಡ 32ರಷ್ಟು ಈ ವರ್ಗಕ್ಕೆ ಸೇರಿದ್ದವು. ಆದರೆ ಅದೇ ವರ್ಷ ನೋಂದಣಿಯಾದ ಒಟ್ಟು ಮರಣಗಳಲ್ಲಿ ಹೀಗೆ ಪ್ರಮಾಣೀಕೃತವಾದವು ಶೇಕಡ 22.5 ಮಾತ್ರ. ಉಳಿದವರು ಸತ್ತರೆಂಬುದು ದಾಖಲೆಯಾಯಿತು. ಏಕೆ ಸತ್ತರೆಂಬುದನ್ನು ವೈದ್ಯರು ಬರೆದಿಡಲಿಲ್ಲ.

ಈ ಕೊರತೆಯ ಫಲವೇನೆಂಬುದು 2025ರಲ್ಲಿ ಹಾಸನ ಜಿಲ್ಲೆಗೇ ಅನುಭವಕ್ಕೆ ಬಂದಿತು. ಆ ವರ್ಷದ ಮೇ, ಜೂನ್ ತಿಂಗಳುಗಳಲ್ಲಿ ಸುಮಾರು 40 ದಿನಗಳ ಅವಧಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತರೆಂಬ ಸುದ್ದಿ ಹಬ್ಬಿತು. ಸತ್ತವರಲ್ಲಿ ಎಳೆಯ ಪ್ರಾಯದವರೂ ಇದ್ದುದರಿಂದ ಜನ ತಲ್ಲಣಿಸಿದರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗಾಗಿ ಸಾಲುಗಟ್ಟಿ ನಿಂತರು. ಸರ್ಕಾರ ನೇಮಿಸಿದ ತಜ್ಞರ ಸಮಿತಿಯು 24 ಮರಣಗಳನ್ನು ಒಂದೊಂದಾಗಿ ಪರಿಶೀಲಿಸಿತು. ಅವುಗಳಲ್ಲಿ ನಾಲ್ಕಕ್ಕೆ ಕಾರಣ ಹೃದಯವೇ ಆಗಿರಲಿಲ್ಲ. ಉಳಿದ 20ರಲ್ಲಿಯೂ ಕೆಲವಕ್ಕೆ ಮಾತ್ರ ದೃಢವಾದ ಆಧಾರ ದೊರೆಯಿತು. ಮಿಕ್ಕವನ್ನು ಸಂಭಾವ್ಯವೆಂದೇ ಪರಿಗಣಿಸಬೇಕಾಯಿತು. ಆಸ್ಪತ್ರೆಯ ಹಿಂದಿನ ತಿಂಗಳುಗಳ ಲೆಕ್ಕದೊಡನೆ ಹೋಲಿಸಿದಾಗ ಹೃದಯರೋಗವು ಒಮ್ಮೆಲೇ ಏರಿದುದಕ್ಕೆ ಸಾಕ್ಷ್ಯ ಕಾಣಲಿಲ್ಲ.

ಹಾಗೆಂದು ಆ ಸಾವುಗಳು ಕಡೆಗಣಿಸತಕ್ಕವಲ್ಲ. ಪ್ರತಿಯೊಂದರ ಹಿಂದೆಯೂ ಅನಾಥವಾದ ಒಂದು ಮನೆಯುಂಟು. ತಂಬಾಕು, ಮದ್ಯ, ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡ ಇವು ಹೃದಯಕ್ಕೆ ವೈರಿಗಳೆಂಬ ಎಚ್ಚರಿಕೆಯೂ ಸುಳ್ಳಲ್ಲ. ಆದರೆ ಕಾರಣವನ್ನರಿಯದ ಭಯಕ್ಕೂ ಕಾರಣವನ್ನರಿತ ಎಚ್ಚರಕ್ಕೂ ಬಹಳ ಅಂತರವಿದೆ. ಭಯವು ಜನರನ್ನು ಆಸ್ಪತ್ರೆಯ ಬಾಗಿಲಿಗೆ ಒಮ್ಮೆ ಓಡಿಸುತ್ತದೆ; ಎಚ್ಚರವು ದಿನನಿತ್ಯದ ನಡೆವಳಿಯನ್ನೇ ತಿದ್ದುತ್ತದೆ.

ಒಬ್ಬನ ಸಾವಿನ ಕಾರಣವನ್ನು ಸರಿಯಾಗಿ ಬರೆದಿಡುವುದರಿಂದ ಅವನು ಮರಳಿ ಬಾರನು. ಅದೇ ಕಾರಣದಿಂದ ನಾಳೆ ಸಾಯಬಹುದಾದ ಇನ್ನೊಬ್ಬನು ಉಳಿದಾನು. ವೀರಗಲ್ಲು ಗತಿಸಿದವರಿಗೆ ಸಲ್ಲಿಸಿದ ಗೌರವ. ಮರಣದ ದಾಖಲೆ ಗತಿಸಿದವರು ಬದುಕಿರುವವರಿಗೆ ಮಾಡುವ ಕಡೆಯ ಉಪಕಾರ.