ಕಾಯಕದ ಅಳತೆ

ಕಾಯಕವೆಂದರೆ ಕೊನೆಯಿಲ್ಲದ ದುಡಿಮೆಯೆಂದು ಹಲವರು ಭಾವಿಸುತ್ತಾರೆ. ಶರಣರ ತಿಳಿವು ಹಾಗಲ್ಲ. ಕಾಯಕಕ್ಕೂ ಒಂದು ಅಳತೆಯುಂಟು. ಅದನ್ನು ಮೀರಿದುದು ಕಾಯಕವಲ್ಲ, ಹೊರೆ. ಈ ತತ್ತ್ವವನ್ನು ನಮ್ಮ ಶಾಲಾಗುರುಗಳ ಮನೋಭಾರದ ವಿಷಯದಲ್ಲಿ ವಿಚಾರಿಸೋಣ.

ಜವಳಗೇರಾದಂಥ ಊರಿನ ಮುಖ್ಯೋಪಾಧ್ಯಾಯರ ಒಂದು ದಿನವನ್ನು ನೆನೆಯಿರಿ. ಬೆಳಿಗ್ಗೆ ಹಾಜರಿ, ಮಧ್ಯಾಹ್ನ ಅಕ್ಷರ ದಾಸೋಹದ ಅಕ್ಕಿ ಬೇಳೆಗಳ ಲೆಕ್ಕ, ಸಂಜೆಗೆ ಮೇಲಿನವರು ಕೇಳಿದ ಮಾಹಿತಿ. ನಡುವೆ ತಾವೇ ಕಲಿಸಬೇಕಾದ ಪಾಠ. ಹತ್ತಿ ಬಿಡಿಸಲು ಹೋದ, ಹೆತ್ತವರೊಡನೆ ಗುಳೆ ಹೋದ ಮಕ್ಕಳ ಚಿಂತೆ ಬೇರೆ. ಹೀಗೆ ದಿನಗಳುರುಳಲು ಮೊದಲು ನಿದ್ರೆ ಕೆಡುವುದು, ಬಳಿಕ ಮಾತು ಕೆಡುವುದು, ಕೊನೆಗೆ ಮಕ್ಕಳ ಮೇಲಣ ಮಮತೆಯೇ ಬತ್ತುವುದು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಇಂಥ ಸ್ಥಿತಿಯ ಮೂರು ಲಕ್ಷಣಗಳನ್ನು ಹೇಳಿತು: ಬಲಗುಂದುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಕೆಲಸದ ಸಾಮರ್ಥ್ಯ ಕುಗ್ಗುವುದು. ಇದನ್ನು ರೋಗವೆನ್ನದೆ, ಕೆಲಸದ ಎಡೆಯಲ್ಲಿ ಬಹುಕಾಲ ಪರಿಹಾರ ಕಾಣದ ಒತ್ತಡದ ಫಲವೆಂದಿತು. ಆದುದರಿಂದ ದಣಿದ ಗುರುವನ್ನು ಸೋಮಾರಿಯೆಂದು ಜರೆಯುವುದು ಅನ್ಯಾಯ.

ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳು ನಮ್ಮ ನೆರೆಯ ಲಿಂಗಸುಗೂರು ಸೀಮೆಯ ಅಮರೇಶ್ವರದವರು. ಕಲ್ಯಾಣದಲ್ಲಿ ಶರಣರ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದೇ ಮಾರಯ್ಯನ ಕಾಯಕ. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಸಂತೋಷಪಡಲಿಲ್ಲ. ಇದ್ದೆಡೆಗೇ ಮರಳಿಸಿ ಬರುವಂತೆ ಹೇಳಿದಳು. ಅಂದಿನ ದಾಸೋಹಕ್ಕೆ ಸಾಲುವುದಕ್ಕಿಂತ ಮಿಗಿಲಾದುದು ಆಸೆಯೆಂದು ಆಕೆ ಅರಿತಿದ್ದಳು.

ಅಕ್ಕಿಗೆ ಸಲ್ಲುವ ಈ ನ್ಯಾಯವು ಹೊಣೆಗೂ ಸಲ್ಲುವುದು. ಎಲ್ಲವೂ ತನ್ನಿಂದಲೇ ಆಗಬೇಕೆಂಬುದೂ ಒಂದು ಆಸೆಯೇ. ಗುರುವಾದವನು ಪ್ರತಿದಿನ ಬೆಳಿಗ್ಗೆ ತನ್ನ ಕೆಲಸಗಳನ್ನು ಮೂರಾಗಿ ಆಯಬೇಕು: ಇಂದೇ ತಾನೇ ಮಾಡತಕ್ಕದ್ದು, ಸಹೋದ್ಯೋಗಿಗಳೊಡನೆ ಹಂಚಿಕೊಳ್ಳತಕ್ಕದ್ದು, ವಿನಯದಿಂದ ಮರಳಿಸತಕ್ಕದ್ದು. ಮರಳಿಸುವುದಕ್ಕೆ ಕಾನೂನಿನ ಆಧಾರವೂ ಉಂಟು. 2009ರ ಶಿಕ್ಷಣ ಹಕ್ಕು ಕಾಯಿದೆಯ 27ನೆಯ ಕಲಮು ಜನಗಣತಿ, ವಿಪತ್ತು ಪರಿಹಾರ, ಚುನಾವಣೆಗಳನ್ನುಳಿದು ಬೇರೆ ಶಿಕ್ಷಣೇತರ ಕಾರ್ಯಗಳಿಗೆ ಶಿಕ್ಷಕರನ್ನು ನಿಯೋಜಿಸಬಾರದೆನ್ನುತ್ತದೆ. ಮುಖ್ಯೋಪಾಧ್ಯಾಯರು ತಮಗೆ ಮೇಲಿನಿಂದ ಬಂದ ಒತ್ತಡವನ್ನು ಕಿರಿಯ ಶಿಕ್ಷಕರ ತಲೆಗೆ ಸುರಿಯಬಾರದು. ಭಾರ ಹಂಚುವುದು ದಾಸೋಹ, ಭಾರ ಹೇರುವುದು ಹಿಂಸೆ. ಹಲವು ದಿನ ನಿದ್ರೆ ಬಾರದಿದ್ದರೆ ವೈದ್ಯರನ್ನು ಕಾಣಲು ನಾಚಬಾರದು. ಇಷ್ಟಲಿಂಗಕ್ಕೆ ನೆಲೆಯಾದ ಈ ಕಾಯವನ್ನು ಕಾಪಾಡುವುದೂ ಧರ್ಮವೇ.

ಗೃಹಸ್ಥರಾದ ಸದ್ಭಕ್ತರಿಗೂ ಇಲ್ಲಿ ಕರ್ತವ್ಯವುಂಟು. ನಮ್ಮ ರಾಜ್ಯದಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಅವು ತಪ್ಪೆಣಿಸಲು ಮಾತ್ರವಲ್ಲ. ಉಗ್ರಾಣದ ಅಕ್ಕಿಯನ್ನು ತೂಗುವಾಗ ಹೋಗಿ ನಿಲ್ಲಿರಿ. ಶಾಲೆಗೆ ಬಾರದ ಮಗುವಿನ ಮನೆಗೆ ನೀವೇ ನಡೆಯಿರಿ. ನಿಮ್ಮ ಮಗನನ್ನು ಹತ್ತಿಯ ಹೊಲಕ್ಕೆ ಕಳಿಸದಿರಿ. ಗುರುವಿನ ಹೊರೆಯಲ್ಲಿ ಒಂದು ಹಿಡಿಯಷ್ಟನ್ನು ಇಳಿಸಿದರೂ ಅದರ ಫಲವು ನಿಮ್ಮ ಮಕ್ಕಳಿಗೇ ಮುಟ್ಟುವುದು.

ಇತರರ ಮೇಲೆ ಹೊರೆ ಹೇರಲು ಕಾಯಕವೆಂಬ ಪವಿತ್ರ ಶಬ್ದವನ್ನು ಬಳಸದಿರೋಣ. ಹೆಚ್ಚಾದುದನ್ನು ಗುರುತಿಸಿ ಮರಳಿಸುವ ಲಕ್ಕಮ್ಮನ ಎಚ್ಚರವು ಪ್ರತಿ ಶಾಲೆಯಲ್ಲಿಯೂ ಪ್ರತಿ ಮನೆಯಲ್ಲಿಯೂ ನೆಲೆಸಲಿ.