ಕಡಲೆ ಕಟಾವು: ಯಂತ್ರವೋ, ಕೂಲಿಯೋ? ಊರ ಚರ್ಚೆಗೆ ಒಂದು ಲೆಕ್ಕ

ಭೀಮಾ ದಂಡೆಯ ಇಂಡಿ, ಸಿಂದಗಿ, ಕೃಷ್ಣಾ ದಂಡೆಯ ಬಸವನ ಬಾಗೇವಾಡಿ, ಮುದ್ದೇಬಿಹಾಳ ಸೀಮೆಯ ಎರೆ ಹೊಲಗಳಲ್ಲಿ ಹಿಂಗಾರಿ ಕಡಲೆ ಮಾಗುವ ಹೊತ್ತಿಗೆ ಅಗಸಿಯಲ್ಲಿಯೂ ಗುಡಿಯ ಕಟ್ಟೆಯಲ್ಲಿಯೂ ಒಂದೇ ಚರ್ಚೆ ನಡೆಯುತ್ತದೆ. "ಆಳು ಸಿಗುವುದಿಲ್ಲ, ಯಂತ್ರ ಕರೆಸಿ" ಎನ್ನುವವರು ಕೆಲವರು. "ಯಂತ್ರ ಬಂದರೆ ಬಡವರ ಹೊಟ್ಟೆಯ ಮೇಲೆ ಬರೆ" ಎನ್ನುವವರು ಕೆಲವರು. "ಇದಕ್ಕೆಲ್ಲ ಸರಕಾರವೇ ಕಾರಣ" ಎಂದು ಎದ್ದು ಹೋಗುವವರು ಮತ್ತೆ ಕೆಲವರು. ಚರ್ಚೆ ಮುಗಿಯುವುದರೊಳಗೆ ಕಡಲೆ ಒಣಗಿ ಕಾಯಿ ಉದುರತೊಡಗಿರುತ್ತದೆ.

ಈ ಮೂರು ಮಾತುಗಳಲ್ಲಿಯೂ ಸತ್ಯಾಂಶವಿದೆ. ಆದರೆ ಯಾವುದಕ್ಕೂ ಅಳತೆಯಿಲ್ಲ. ಯಂತ್ರ ಬೇಕೋ ಬೇಡವೋ ಎಂದು ಕೇಳಿದರೆ ಉತ್ತರ ದೊರೆಯುವುದಿಲ್ಲ. ಯಾವ ಹೊಲಕ್ಕೆ, ಯಾವ ವಾರದಲ್ಲಿ ಬೇಕು, ಅದರಿಂದ ತಪ್ಪಿಹೋಗುವ ದುಡಿಮೆಗೆ ಬದಲೇನು ಎಂದು ಕೇಳಿದರೆ ಉತ್ತರ ದೊರೆಯುತ್ತದೆ. ಹಾಗೆ ಕೇಳುವ ಕ್ರಮವನ್ನು ಈ ಲೇಖನದಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

ಸಮಸ್ಯೆಯ ಮೂಲ

ಅಕ್ಟೋಬರ್ ತಿಂಗಳಲ್ಲಿ ಬಿತ್ತಿದ ಕಡಲೆ ಸುಮಾರು 95ರಿಂದ 110 ದಿನಗಳಲ್ಲಿ ಕಟಾವಿಗೆ ಬರುತ್ತದೆ. ಅದೇ ಸುಮಾರಿಗೆ ತೊಗರಿಯ ರಾಶಿ ಮುಗಿಯದೆ ಉಳಿದಿರುತ್ತದೆ, ಬಿಳಿಜೋಳ ಕೊಯ್ಲಿಗೆ ಸಿದ್ಧವಾಗುತ್ತಿರುತ್ತದೆ. ಕಾಲುವೆ ನೀರು ಬಂದ ಊರುಗಳಲ್ಲಿ ಕಬ್ಬಿನ ಕಟಾವು ನಡೆದಿರುತ್ತದೆ. ನಾಲ್ಕು ಬೆಳೆಗಳ ಕೆಲಸ ಕೆಲವೇ ವಾರಗಳಲ್ಲಿ ಕೂಡಿಬರುವುದರಿಂದ ಆಳಿನ ಕೊರತೆ ತೋರುತ್ತದೆ. ಇದೇ ಊರುಗಳಿಂದ ಬೇಸಿಗೆಯಲ್ಲಿ ಜನ ಕೆಲಸ ಹುಡುಕಿಕೊಂಡು ಗೋವಾ, ಮಹಾರಾಷ್ಟ್ರ, ಬೆಂಗಳೂರುಗಳಿಗೆ ಗುಳೆ ಹೋಗುತ್ತಾರೆ. ಅಂದರೆ ಸುಗ್ಗಿಯ ಕೆಲವು ವಾರ ಕೆಲಸ ಹೆಚ್ಚು, ಕೈ ಕಡಿಮೆ. ಉಳಿದ ತಿಂಗಳು ಕೈ ಹೆಚ್ಚು, ಕೆಲಸ ಕಡಿಮೆ. ಚರ್ಚೆಗೆ ಕುಳಿತವರು ಮೊದಲು ಇದನ್ನು ಒಪ್ಪಿಕೊಂಡರೆ ಅರ್ಧ ಜಗಳ ತೀರುತ್ತದೆ.

ಮೊದಲ ಲೆಕ್ಕ: ಹೊಲದವರದು

ಕಟಾವಿನ ಖರ್ಚು ಎಂದರೆ ಕೂಲಿ ಅಥವಾ ಬಾಡಿಗೆ ಮಾತ್ರ ಎಂದು ತಿಳಿಯಬಾರದು. ಉದುರಿದ ಕಾಳು ಮತ್ತು ಕಳೆದುಹೋದ ಹೊಟ್ಟು ಸಹ ಖರ್ಚೇ.

ಉದುರಿದ ಕಾಳನ್ನು ಹೀಗೆ ಅಳೆಯಿರಿ. ಕಟ್ಟಿಗೆಯಿಂದ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕಟ್ಟು ಮಾಡಿಕೊಳ್ಳಿ. ಕಟಾವಿಗೆ ಮೊದಲು ಹೊಲದ ಐದು ಕಡೆ ಇಟ್ಟು ತಾನಾಗಿಯೇ ಬಿದ್ದ ಕಾಳು ಎಣಿಸಿರಿ. ಕಟಾವಾದ ಮೇಲೆ ಮತ್ತೆ ಐದು ಕಡೆ ಇಟ್ಟು ಎಣಿಸಿರಿ. ಬಿದ್ದ ಕಾಯಿಗಳನ್ನು ಬಿಡಿಸಿ ಒಳಗಿನ ಕಾಳನ್ನೂ ಸೇರಿಸಿರಿ. ಎರಡು ಸರಾಸರಿಗಳ ವ್ಯತ್ಯಾಸವೇ ಕಟಾವಿನ ನಷ್ಟ. ಯಂತ್ರದ ಹಿಂದೆ ಹೊಟ್ಟು ಬೀಳುವ ಸಾಲಿನಲ್ಲಿಯೂ, ಅದರ ಪಕ್ಕದಲ್ಲಿಯೂ ಚೌಕಟ್ಟು ಇಡುವುದು ಅವಶ್ಯ.

ಜೆ.ಜಿ.-11 ತಳಿಯ ನೂರು ಕಾಳಿನ ತೂಕ ಸುಮಾರು 22 ಗ್ರಾಂ. ಎಕರೆಗೆ ಸುಮಾರು 4,000 ಚದರ ಮೀಟರ್. ಆದ್ದರಿಂದ ಒಂದು ಚದರ ಮೀಟರಿನಲ್ಲಿ ಒಂದೇ ಒಂದು ಕಾಳು ಉದುರಿದರೂ ಎಕರೆಗೆ 880 ಗ್ರಾಂ ಹೋದಂತೆ. 2026-27ರ ಹಿಂಗಾರಿ ಮಾರಾಟ ಹಂಗಾಮಿಗೆ ಕೇಂದ್ರ ಸರಕಾರ ಕಡಲೆಗೆ ಘೋಷಿಸಿದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲಿಗೆ 5,875 ರೂಪಾಯಿ. ಆ ದರದಲ್ಲಿ ಚದರ ಮೀಟರಿಗೆ ಒಂದು ಕಾಳು ಎಂದರೆ ಎಕರೆಗೆ ಸುಮಾರು 52 ರೂಪಾಯಿ. ಈ ಒಂದು ಅಂಕಿಯನ್ನು ನೆನಪಿಟ್ಟರೆ ಸಾಕು.

ಈಗ ಒಂದು ಮಾದರಿ ಲೆಕ್ಕ ನೋಡೋಣ. ಕೂಲಿ, ಬಾಡಿಗೆ, ನಷ್ಟದ ಅಂಕಿಗಳು ಕಲಿಯುವ ಸಲುವಾಗಿ ಇಟ್ಟುಕೊಂಡವು. ತಮ್ಮ ಊರಿನ ದರ ಹಾಕಿ ಮತ್ತೆ ಮಾಡತಕ್ಕದ್ದು.

ಅ) ಕೈ ಕಟಾವು, ಪ್ರತಿ ಎಕರೆಗೆ:
ಆರು ಆಳು, ತಲಾ 350 ರೂ.: 2,100
ರಾಶಿ ಯಂತ್ರದ ಬಾಡಿಗೆ: 1,000
ಉದುರಿದ್ದು 20 ಕಾಳು: 1,040
ಕೈಗೆ ಬಂದ ಹೊಟ್ಟಿನ ಬೆಲೆ ಕಳೆದರೆ: 600
ನಿವ್ವಳ ಖರ್ಚು: 3,540 ರೂ.

ಆ) ಹರಡಿ ಬೆಳೆಯುವ ತಳಿಗೆ ಕಟಾವು ಯಂತ್ರ:
ಬಾಡಿಗೆ: 1,500
ಉದುರಿದ್ದು 60 ಕಾಳು: 3,120
ನಿವ್ವಳ ಖರ್ಚು: 4,620 ರೂ.

ಇ) ನೆಟ್ಟಗೆ ಬೆಳೆಯುವ ತಳಿಗೆ, ಸಮ ಹೊಲದಲ್ಲಿ ಕಟಾವು ಯಂತ್ರ:
ಬಾಡಿಗೆ: 1,500
ಉದುರಿದ್ದು 25 ಕಾಳು: 1,300
ನಿವ್ವಳ ಖರ್ಚು: 2,800 ರೂ.

ಯಂತ್ರ ಅದೇ, ಬಾಡಿಗೆ ಅದೇ. ಚದರ ಮೀಟರಿಗೆ 35 ಕಾಳಿನ ವ್ಯತ್ಯಾಸದಿಂದ ಲಾಭದ ಕೆಲಸ ನಷ್ಟದ್ದಾಯಿತು. "ಯಂತ್ರ ಅಗ್ಗ" ಎನ್ನುವವರನ್ನೂ, "ಯಂತ್ರ ಹಾಳು" ಎನ್ನುವವರನ್ನೂ ಎಷ್ಟು ಕಾಳು ಎಣಿಸಿದಿರಿ ಎಂದು ಕೇಳಬೇಕು.

ಯಂತ್ರಕ್ಕೆ ಒಗ್ಗುವ ಹೊಲ ಯಾವುದು?

ಜೆ.ಜಿ.-11ರಂಥ ತಳಿಗಳು ಗಿಡ್ಡಾಗಿ ಹರಡಿಕೊಳ್ಳುತ್ತವೆ. ಕೆಳಗಿನ ಕಾಯಿಗಳು ನೆಲಕ್ಕೆ ಹತ್ತಿರವಿರುವುದರಿಂದ ಯಂತ್ರದ ಕತ್ತರಿಗೆ ಸಿಗುವುದಿಲ್ಲ. ಕತ್ತರಿಯನ್ನು ಇಳಿಸಿದರೆ ಹೆಂಟೆ, ಕಲ್ಲು ಒಳಗೆ ಹೋಗಿ ಕಾಳಿಗೆ ಮಣ್ಣು ಬೆರೆಯುತ್ತದೆ. ಯಂತ್ರದ ಕಟಾವಿಗೆಂದೇ ನೆಟ್ಟಗೆ, ಎತ್ತರವಾಗಿ ಬೆಳೆಯುವ ತಳಿಗಳು ಬಂದಿವೆ. ನಮ್ಮ ರಾಜ್ಯದ ಜಿ.ಬಿ.ಎಂ.-2 ಮತ್ತು ಆಂಧ್ರದ ನಂದ್ಯಾಲದಲ್ಲಿ ಅಭಿವೃದ್ಧಿಪಡಿಸಿದ ಎನ್.ಬಿ.ಇ.ಜಿ.-47 ಅಂಥವು. ಆದ್ದರಿಂದ ಯಂತ್ರದ ತೀರ್ಮಾನ ಆಗಬೇಕಾದದ್ದು ಬೀಜ ಕೊಳ್ಳುವಾಗಲೇ. ಗಿಡ ಒಣಗಿದ ಮೇಲೆ ಮಾಡುವ ಚರ್ಚೆ ತಡವಾದ ಚರ್ಚೆ.

ಈ ಕೆಳಗಿನ ಅಂಶಗಳನ್ನೂ ಗಮನಿಸಬೇಕು.

1. ಕೈ ಕಟಾವನ್ನು ಬೆಳಗಿನ ಮಂಜಿನ ತೇವವಿರುವಾಗ ಮಾಡಿದರೆ ಕಾಯಿ ಉದುರುವುದು ಕಡಿಮೆ. ಯಂತ್ರಕ್ಕೆ ಗಿಡ, ಕಾಯಿ ಪೂರ್ಣ ಒಣಗಿರಬೇಕು; ಇಬ್ಬನಿ ಆರಿದ ಮೇಲೆ ಓಡಿಸಬೇಕು.

2. ಯಂತ್ರ ತಿರುಗಲು ಅಡ್ಡವೆಂದು ಒಡ್ಡು ಒಡೆಯಬಾರದು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ನಮ್ಮ ಸೀಮೆಯಲ್ಲಿ ಹಿಂಗಾರಿ ಬೆಳೆ ನಿಲ್ಲುವುದು ಎರೆಯಲ್ಲಿ ಇಂಗಿದ ತೇವದ ಮೇಲೆ. ಒಂದು ಹಂಗಾಮಿನ ಕೂಲಿ ಉಳಿಸಲು ಒಡ್ಡು ಕಳೆದುಕೊಂಡರೆ ಹಲವು ಹಂಗಾಮಿನ ತೇವ ಹೋಗುತ್ತದೆ.

3. ಬೀಜಕ್ಕೆಂದು ಇಡುವ ಕಡಲೆಯನ್ನು ಕೈಯಿಂದಲೇ ಕಿತ್ತು ಬೇರೆಯಾಗಿ ರಾಶಿ ಮಾಡುವುದು ಉತ್ತಮ. ಊರಿಂದ ಊರಿಗೆ ಬರುವ ಯಂತ್ರದೊಳಗೆ ಬೇರೆ ತಳಿಯ ಕಾಳೂ ಕಸದ ಬೀಜವೂ ಉಳಿದಿರುತ್ತವೆ. ಹೊಲಕ್ಕೆ ಇಳಿಸುವ ಮೊದಲು ಯಂತ್ರವನ್ನು ಸ್ವಚ್ಛ ಮಾಡಿಸತಕ್ಕದ್ದು.

4. ಎತ್ತು, ಎಮ್ಮೆ, ಆಡು ಸಾಕಿದ ಮನೆಗೆ ಹೊಟ್ಟು ದೊಡ್ಡ ಆಸ್ತಿ. ಯಂತ್ರ ಅದನ್ನು ಹೊಲದ ತುಂಬ ಚೆಲ್ಲುತ್ತದೆ.

ಎರಡನೆಯ ಲೆಕ್ಕ: ದುಡಿಯುವವರದು

ಹೊಲದವರ ಲೆಕ್ಕ ಮುಗಿದಲ್ಲಿಗೆ ಚರ್ಚೆ ಮುಗಿಯಿತೆಂದು ತಿಳಿಯುವುದು ವಾಡಿಕೆ. ಇದು ಸರಿಯಲ್ಲ. ಊರಿನಲ್ಲಿ 500 ಎಕರೆ ಕಡಲೆ ಇದೆ ಎಂದು ಇಟ್ಟುಕೊಳ್ಳೋಣ. ಎಕರೆಗೆ ಆರು ಆಳಿನಂತೆ 3,000 ದಿನದ ದುಡಿಮೆ. ನೂರು ಮಂದಿ ಹೆಣ್ಣುಮಕ್ಕಳು ಕಟಾವಿಗೆ ಹೋಗುವವರಿದ್ದರೆ ಒಬ್ಬೊಬ್ಬರಿಗೆ 30 ದಿನ. ದಿನಕ್ಕೆ 350 ರೂಪಾಯಿಯಂತೆ 10,500 ರೂಪಾಯಿ. ಇಡೀ ಊರಿಗೆ ಹತ್ತೂವರೆ ಲಕ್ಷ. ಈ ಹಣ ಊರ ಕಿರಾಣಿ ಅಂಗಡಿಗೆ, ಮಕ್ಕಳ ಶಾಲೆಗೆ, ಸಂಘದ ಸಾಲದ ಕಂತಿಗೆ ಹೋಗುವಂಥದು. ಹೊರಗಿನ ಯಂತ್ರ ಬಂದರೆ ಬಾಡಿಗೆಯ ಹಣ ಯಂತ್ರದೊಡನೆ ಊರು ಬಿಡುತ್ತದೆ. ಸುಗ್ಗಿಯ ಕೆಲಸ ತಪ್ಪಿದ ಕುಟುಂಬ ಬೇಸಿಗೆಗೆ ಕಾಯದೆ ಜನವರಿಯಲ್ಲಿಯೇ ಗುಳೆ ಹೊರಡುವ ಸಂಭವವಿದೆ. ಹಾಗೆ ಹೋದವರು ಜೋಳದ ಕೊಯ್ಲಿಗೆ ಸಿಗುವುದಿಲ್ಲ. ಮುಂದಿನ ವರ್ಷ ಆಳಿನ ಕೊರತೆ ಇನ್ನೂ ಹೆಚ್ಚುತ್ತದೆ.

ಇನ್ನೊಂದು ಮಾತನ್ನೂ ಹೇಳಬೇಕು. ಬಾಗಿ ಕಡಲೆ ಕೀಳುವುದು ಸುಲಭದ ಕೆಲಸವಲ್ಲ. ಗಿಡದ ಹುಳಿ ಕೈ ಸುಡುತ್ತದೆ, ಸೊಂಟ ಹಿಡಿಯುತ್ತದೆ. ಈ ಕಷ್ಟ ಹಾಗೆಯೇ ಉಳಿಯಲಿ ಎಂದು ದುಡಿಯುವವರೂ ಬಯಸುವುದಿಲ್ಲ. ಅವರು ಕೇಳುವುದು, ಈ ಕೂಲಿ ಹೋದರೆ ಬೇರೆ ಕೂಲಿ ಯಾವುದು ಎಂದು.

ಈ ಪ್ರಶ್ನೆ ಹಳೆಯದು. 1830ರಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ ಆರಂಭವಾದ ಗಲಭೆಯಲ್ಲಿ ಕೃಷಿ ಕೂಲಿಕಾರರು ರಾಶಿ ಯಂತ್ರಗಳನ್ನು ಒಡೆದು ಹಾಕಿದರು. ಚಳಿಗಾಲದಲ್ಲಿ ತೆನೆ ಬಡಿಯುವ ಕೆಲಸವೇ ಅವರಿಗೆ ಆಧಾರವಾಗಿತ್ತು. ಬೇರೆ ಕೆಲಸ ಯಾರೂ ತೋರಿಸಿರಲಿಲ್ಲ. ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಟೊಮ್ಯಾಟೊ ಕೊಯ್ಯುವ ಯಂತ್ರವನ್ನೂ, ಅದಕ್ಕೆ ತಾಳುವ ಗಟ್ಟಿ ತಳಿಯನ್ನೂ ರೂಪಿಸಿದರು. 1960ರ ದಶಕದಲ್ಲಿ ಅದು ಹಬ್ಬಿದಾಗ ಕೂಲಿಕಾರರ ಜೊತೆಗೆ ಬಹುಪಾಲು ಸಣ್ಣ ಬೆಳೆಗಾರರೂ ಆ ಬೆಳೆಯಿಂದ ಹೊರಬಿದ್ದರು. 1979ರಲ್ಲಿ ಕೂಲಿಕಾರರ ಪರವಾಗಿ ವಿಶ್ವವಿದ್ಯಾನಿಲಯದ ಮೇಲೆಯೇ ಮೊಕದ್ದಮೆ ಹೂಡಲಾಯಿತು. ಯಂತ್ರಕ್ಕೆ ತಕ್ಕ ತಳಿ ಕೊಡುವ ಸಂಸ್ಥೆಗಳು ಇದರಿಂದ ಕಲಿಯುವುದಿದೆ. ಎರಡು ಎಕರೆಯವರಿಗೂ ಎಟುಕದ ತಾಂತ್ರಿಕತೆ ಇಳುವರಿ ಕೊಟ್ಟರೂ ಊರನ್ನು ಉಳಿಸುವುದಿಲ್ಲ.

ಮೂರನೆಯ ಲೆಕ್ಕ: ಸರಕಾರದ್ದು

"ಸರಕಾರ ಮಾಡಬೇಕು" ಎನ್ನುವಾಗ ಯಾವ ಕಚೇರಿ, ಏನು ಮಾಡಬೇಕು ಎಂದು ಹೆಸರಿಸಬೇಕು. ಬೆಂಬಲ ಬೆಲೆ ಘೋಷಿಸುವುದು ಕೇಂದ್ರ ಸರಕಾರ. ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳು 2014-15ರಿಂದ ಬಂದ ರಾಜ್ಯದ ಯೋಜನೆ. ಉದ್ಯೋಗ ಖಾತರಿಯ ಕಾಮಗಾರಿಗಳ ಪಟ್ಟಿ ಸಿದ್ಧವಾಗುವುದು ಗ್ರಾಮ ಪಂಚಾಯತಿಯಲ್ಲಿ. ಕೇಳಬೇಕಾದವರನ್ನು ಬಿಟ್ಟು ಬೇರೆಯವರನ್ನು ಕೇಳಿದರೆ ಕೆಲಸವಾಗುವುದಿಲ್ಲ.

ಉದ್ಯೋಗ ಖಾತರಿಯ ವಿಷಯದಲ್ಲಿ ಒಂದು ಬದಲಾವಣೆಯನ್ನು ಎಲ್ಲರೂ ತಿಳಿದಿರಬೇಕು. 2005ರ ಕಾಯ್ದೆಯು ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೆಲಸದ ಭರವಸೆ ಕೊಟ್ಟಿತ್ತು. ಅದರಡಿ ಕರ್ನಾಟಕದಲ್ಲಿ 2025-26ರ ದಿನಗೂಲಿ 370 ರೂಪಾಯಿ. ಗಂಡು, ಹೆಣ್ಣು ಇಬ್ಬರಿಗೂ ಒಂದೇ ದರ. 2025ರ ಡಿಸೆಂಬರಿನಲ್ಲಿ ಸಂಸತ್ತು ಅದರ ಬದಲಿಗೆ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ಅದರಲ್ಲಿ 125 ದಿನಗಳ ಭರವಸೆ ಇದೆ. ಜೊತೆಗೆ, ಬಿತ್ತನೆ ಮತ್ತು ಸುಗ್ಗಿಯ ಕಾಲದಲ್ಲಿ ವರ್ಷಕ್ಕೆ ಒಟ್ಟು 60 ದಿನ ಕಾಮಗಾರಿ ನಿಲ್ಲಿಸುವ ಅವಧಿಯನ್ನು ರಾಜ್ಯಗಳು ಮುಂಚಿತವಾಗಿ ಪ್ರಕಟಿಸಬೇಕೆಂಬ ನಿಯಮವೂ ಇದೆ. ಪ್ರದೇಶಕ್ಕೆ ತಕ್ಕಂತೆ ಈ ಅವಧಿಯನ್ನು ಬೇರೆ ಬೇರೆಯಾಗಿ ಇಡಲು ಅವಕಾಶವಿದೆ.

ಇದು ನಮ್ಮ ಚರ್ಚೆಗೆ ನೇರವಾಗಿ ಸೇರಿದ ವಿಷಯ. ಭತ್ತದ ಸೀಮೆಯ ಸುಗ್ಗಿಯೇ ಬೇರೆ, ನಮ್ಮ ಎರೆ ಸೀಮೆಯ ಸುಗ್ಗಿಯೇ ಬೇರೆ. ಊರಿನಲ್ಲಿ ಕೂಲಿ ಇಲ್ಲದ ವಾರಗಳಲ್ಲಿ ಕಾಮಗಾರಿಯೂ ನಿಂತರೆ ದುಡಿಯುವವರಿಗೆ ಎರಡೂ ಕಡೆ ನಷ್ಟ. ಅದೇ ಸುಗ್ಗಿಯ ವಾರಗಳಲ್ಲಿ ಯಂತ್ರವೂ ಹೊಲಕ್ಕೆ ಇಳಿದರೆ, ಕಾಮಗಾರಿಯೂ ಇಲ್ಲ, ಕಟಾವೂ ಇಲ್ಲ ಎಂಬ ಸ್ಥಿತಿ ಬರುತ್ತದೆ. ಆದ್ದರಿಂದ ಊರಿನಲ್ಲಿ ಯಾವ ಬೆಳೆಯ ಕೆಲಸ ಯಾವ ವಾರ, ಎಷ್ಟು ಆಳಿಗೆ ಎಂಬ ಪಟ್ಟಿಯನ್ನು ಗ್ರಾಮಸಭೆಯೇ ಬರೆದು ಪಂಚಾಯತಿಯ ಮೂಲಕ ಮೇಲಕ್ಕೆ ಕಳುಹಿಸುವುದು ಅತ್ಯವಶ್ಯ.

ಚರ್ಚೆ ನಡೆಸುವ ಕ್ರಮ

1. ಎಲ್ಲರೂ ಇರಲಿ. ಹೊಲದವರು, ಲಾವಣಿ ಮಾಡುವವರು, ಟ್ರ್ಯಾಕ್ಟರಿನವರು, ದನ ಕಟ್ಟಿದವರು, ಮುಖ್ಯವಾಗಿ ಕಟಾವು ಮಾಡುವ ಹೆಣ್ಣುಮಕ್ಕಳು. ಸಂಜೆ ಒಲೆ ಹೊತ್ತಿಸುವ ವೇಳೆಗೆ ಸಭೆ ಕರೆದರೆ ಅವರು ಬರಲಾರರು. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಸೀಮೆ ನಮ್ಮದು. ಕಲ್ಯಾಣದಲ್ಲಿ ಕಾಯಕದವರೇ ಕೂಡಿ ವಿಚಾರ ಮಾಡಿದರೆಂಬುದನ್ನು ಹೆಮ್ಮೆಯಿಂದ ಹೇಳುವ ನಾವು, ಕಾಯಕ ಮಾಡುವವರನ್ನು ಹೊರಗಿಟ್ಟು ಅವರ ಕಾಯಕದ ತೀರ್ಮಾನ ಮಾಡುವುದು ಸಲ್ಲದು.

2. ಅಳತೆ, ಅಂದಾಜು, ಆಸೆ ಈ ಮೂರನ್ನು ಬೇರೆ ಮಾಡಿರಿ. "ನನ್ನ ಹೊಲದಲ್ಲಿ ಚೌಕಟ್ಟಿಗೆ 40 ಕಾಳು" ಎಂಬುದು ಅಳತೆ. "ಬಹಳ ಉದುರುತ್ತದೆ" ಎಂಬುದು ಅಂದಾಜು. "ಕೂಲಿ ಇಳಿಯಬೇಕು" ಎಂಬುದು ಆಸೆ. ಮೊದಲು ಅಳತೆಯ ಮಾತು ಮುಗಿಯಲಿ.

3. ಹೊಲಗಳನ್ನು ವಿಂಗಡಿಸಿರಿ. ತಡವಾಗಿ ಬಿತ್ತಿದ, ಸಮನಾದ, ನೆಟ್ಟಗಿನ ತಳಿಯ ದೊಡ್ಡ ಹೊಲಗಳು ಹಾಗೂ ಅಕಾಲ ಮಳೆಯ ಭಯವಿರುವ ದಿನಗಳು ಯಂತ್ರಕ್ಕೆ. ಬೀಜದ ಕಡಲೆ, ಸಣ್ಣ ಹೊಲ, ಒಡ್ಡಿನ ಹೊಲ, ಹೊಟ್ಟು ಬೇಕಾದವರ ಹೊಲ ಕೈಗೆ.

4. ಯಂತ್ರದ ಗಳಿಕೆ ಊರಲ್ಲಿ ಉಳಿಯುವ ದಾರಿ ಹುಡುಕಿರಿ. ರಾಶಿ ಯಂತ್ರವನ್ನು ಮಹಿಳಾ ಸ್ವಸಹಾಯ ಸಂಘವೇ ಕೊಂಡು ಬಾಡಿಗೆಗೆ ಓಡಿಸಬಹುದು.

5. ತೀರ್ಮಾನವನ್ನು ಬರೆಯಿರಿ. ಎಷ್ಟು ಎಕರೆ ಯಂತ್ರಕ್ಕೆ, ಎಷ್ಟು ಕೈಗೆ, ಕೂಲಿ ಎಷ್ಟು, ಕಾಮಗಾರಿ ಯಾವ ವಾರ ಎಂಬುದು ಗ್ರಾಮಸಭೆಯ ನಡಾವಳಿಯಲ್ಲಿ ಬರಲಿ. ಸುಗ್ಗಿ ಮುಗಿದ ಮೇಲೆ ಮತ್ತೆ ಕುಳಿತು ಲೆಕ್ಕ ತಾಳೆ ನೋಡಿರಿ.

ರೈತ ಬಾಂಧವರು ಈ ಚರ್ಚೆಯನ್ನು ಫೆಬ್ರವರಿಗೆ ಬಿಡದೆ ಬಿತ್ತನೆಗೆ ಮೊದಲು, ಸೆಪ್ಟೆಂಬರಿನಲ್ಲಿಯೇ ನಡೆಸುವುದು ಸೂಕ್ತ. ತಳಿಯ ಆಯ್ಕೆ, ಯಂತ್ರದ ಹೊಂದಾಣಿಕೆಗಳ ಬಗ್ಗೆ ಹತ್ತಿರದ ರೈತ ಸಂಪರ್ಕ ಕೇಂದ್ರವನ್ನು, ಇಂಡಿ ಅಥವಾ ವಿಜಯಪುರದ ಕೃಷಿ ವಿಜ್ಞಾನ ಕೇಂದ್ರವನ್ನು ಕಾಣಬಹುದು. ಹೋಗುವಾಗ ತಮ್ಮ ಹೊಲದಲ್ಲಿ ಎಣಿಸಿದ ಕಾಳಿನ ಲೆಕ್ಕವನ್ನು ಬರೆದುಕೊಂಡು ಹೋದರೆ ಸಲಹೆ ಕೊಡುವವರಿಗೂ ಅನುಕೂಲ.